ರಕ್ತದಲ್ಲಿ ಗರ್ಭಕಂಠದ ಕ್ಯಾನ್ಸರ್ ಹುಡುಕಿದ ಪ್ರೋಟೀನ್: ಎಸ್‌ಸಿಸಿ ಆಂಟಿಜೆನ್‌ನ ಪ್ರಕರಣ ಅಧ್ಯಯನ

ಊರಿನ ಆರೋಗ್ಯ ಶಿಬಿರಕ್ಕೆ ಬಂದ ಹೆಂಗಸರು ರಕ್ತ ಕೊಡಲು ಹಿಂದೆಮುಂದೆ ನೋಡುವುದಿಲ್ಲ. ಶುಗರ್ ನೋಡಿ, ಥೈರಾಯ್ಡ್ ನೋಡಿ ಎಂದು ತಾವೇ ತೋಳು ಚಾಚುತ್ತಾರೆ. ಪರದೆಯ ಹಿಂದೆ ಮಲಗಿ ಗರ್ಭಕಂಠದ ಪರೀಕ್ಷೆ ಮಾಡಿಸಿಕೊಳ್ಳಿ ಎಂದಾಗ ಮಾತ್ರ ಮಾತು ಬದಲಾಗುತ್ತದೆ. ನನಗೇನೂ ತೊಂದರೆ ಇಲ್ಲ ಬಿಡಿ, ಮನೆಯಲ್ಲಿ ಕೇಳಿಕೊಂಡು ಬರುತ್ತೇನೆ, ಇನ್ನೊಂದು ಸಲ ನೋಡೋಣ. ಜೊತೆಗೊಂದು ಪ್ರಶ್ನೆ: ಅದನ್ನೂ ರಕ್ತದಲ್ಲೇ ನೋಡೋಕೆ ಆಗಲ್ವಾ?

ಈ ಪ್ರಶ್ನೆಯನ್ನು ಸಂಕೋಚದ ನೆಪ ಎಂದು ತಳ್ಳಿಹಾಕುವುದು ಅನ್ಯಾಯ. ಜಗತ್ತಿನ ಒಳ್ಳೊಳ್ಳೆಯ ಪ್ರಯೋಗಾಲಯಗಳು ಸುಮಾರು ಅರ್ಧ ಶತಮಾನದಿಂದ ಇದನ್ನೇ ಕೇಳುತ್ತಿವೆ. ಜಗತ್ತಿನ ಕ್ಯಾನ್ಸರ್ ಲೆಕ್ಕ ಇಡುವ ಗ್ಲೋಬೊಕ್ಯಾನ್‌ನ 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷ ಗರ್ಭಕಂಠದ ಕ್ಯಾನ್ಸರ್ ಕಾಣಿಸಿಕೊಂಡವರು 1.27 ಲಕ್ಷ, ಸತ್ತವರು ಸುಮಾರು 80 ಸಾವಿರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 30ರಿಂದ 49 ವಯಸ್ಸಿನ ಹೆಂಗಸರ ಪೈಕಿ ಒಮ್ಮೆಯಾದರೂ ಈ ತಪಾಸಣೆ ಮಾಡಿಸಿಕೊಂಡವರು 1.9% ಮಾತ್ರ. ಎಷ್ಟೋ ವರ್ಷ ಮೊದಲೇ ತಡೆಯಬಹುದಾದ ಕಾಯಿಲೆಯಿಂದ ಇಷ್ಟು ಜನ ಸಾಯುತ್ತಿರುವಾಗ, ಒಂದು ಟ್ಯೂಬ್ ರಕ್ತದಲ್ಲಿ ಉತ್ತರ ಸಿಗಲಿ ಎಂದು ಯಾರು ತಾನೇ ಆಶಿಸುವುದಿಲ್ಲ?

ಆ ಆಸೆಗೆ ಸಿಕ್ಕ ಮೊದಲ ಗಟ್ಟಿ ಉತ್ತರ ಎಸ್‌ಸಿಸಿ ಆಂಟಿಜೆನ್ ಎಂಬ ಪ್ರೋಟೀನ್. ಅದು ಹುಟ್ಟಿದ ಬಗೆ, ಎಡವಿದ ಜಾಗ, ಇವತ್ತು ನಿಜಕ್ಕೂ ದುಡಿಯುತ್ತಿರುವ ಜಾಗ ಮೂರನ್ನೂ ಸೇರಿಸಿ ನೋಡಿದರೆ, ಈ ಕ್ಯಾನ್ಸರ್‌ಗೆ ರಕ್ತದ ಗುರುತು ಹುಡುಕುವುದು ಯಾಕೆ ಇಷ್ಟು ಕಷ್ಟವೆಂದು ತಿಳಿಯುತ್ತದೆ.

1977ರ ಪತ್ತೆ

ಅದು ರಕ್ತದ ಗುರುತುಗಳ ಬಗ್ಗೆ ಭರವಸೆ ತುಂಬಿದ್ದ ಕಾಲ. 1960ರ ದಶಕದಲ್ಲಿ ಯಕೃತ್ತಿನ ಕ್ಯಾನ್ಸರ್‌ಗೆ ಆಲ್ಫಾ ಫೀಟೋಪ್ರೋಟೀನ್, ಕರುಳಿನ ಕ್ಯಾನ್ಸರ್‌ಗೆ ಸಿಇಎ ಸಿಕ್ಕಿದ್ದವು. ರಕ್ತದಲ್ಲಿರುವ ಅತಿ ಸೂಕ್ಷ್ಮ ಪ್ರಮಾಣದ ವಸ್ತುವನ್ನೂ ಅಳೆಯುವ ರೇಡಿಯೊ ಇಮ್ಯುನೊಅಸ್ಸೇ ವಿಧಾನ ಎಲ್ಲೆಡೆ ಹಬ್ಬಿತ್ತು. ಆ ವಿಧಾನಕ್ಕಾಗಿ ರೊಸಾಲಿನ್ ಯಾಲೋ ನೊಬೆಲ್ ಪಡೆದದ್ದೂ 1977ರಲ್ಲೇ. ಪ್ರತಿಯೊಂದು ಕ್ಯಾನ್ಸರ್‌ಗೂ ರಕ್ತದಲ್ಲಿ ತನ್ನದೇ ಗುರುತು ಇದ್ದೇ ಇರುತ್ತದೆ, ಹುಡುಕಬೇಕಷ್ಟೇ ಎಂಬ ನಂಬಿಕೆ ಆಗ ಬಲವಾಗಿತ್ತು.

ಅದೇ ವರ್ಷ ಜಪಾನಿನ ಕಾಟೊ ಮತ್ತು ತೊರಿಗೋಯೆ ಗರ್ಭಕಂಠದ ಗೆಡ್ಡೆಯ ಅಂಗಾಂಶದಿಂದ ಒಂದು ಪ್ರೋಟೀನನ್ನು ಬೇರ್ಪಡಿಸಿ, ಅದಕ್ಕೆ ಪ್ರತಿಕಾಯ ತಯಾರಿಸಿ, ರೋಗಿಗಳ ರಕ್ತದಲ್ಲಿ ಅಳೆದು ತೋರಿಸಿದರು. ಆಗ ಅದರ ಹೆಸರು ಟಿಎ-4. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಬಹುಪಾಲು ಚಪ್ಪಟೆ ಕೋಶಗಳಿಂದ, ಅಂದರೆ ಸ್ಕ್ವೇಮಸ್ ಕೋಶಗಳಿಂದ, ಹುಟ್ಟುವಂಥವು. ಹಾಗಾಗಿ ಮುಂದೆ ಸ್ಕ್ವೇಮಸ್ ಸೆಲ್ ಕಾರ್ಸಿನೋಮಾ ಆಂಟಿಜೆನ್ ಎಂಬ ಹೆಸರೇ ನಿಂತಿತು. ಗೆಡ್ಡೆ ದೊಡ್ಡದಾದಂತೆ ರಕ್ತದಲ್ಲಿ ಇದು ಏರುತ್ತಿತ್ತು, ಚಿಕಿತ್ಸೆ ಫಲಿಸಿದರೆ ಇಳಿಯುತ್ತಿತ್ತು, ಕಾಯಿಲೆ ಮರುಕಳಿಸಿದರೆ ಮತ್ತೆ ಏರುತ್ತಿತ್ತು. ಒಂದು ಮಾರ್ಕರ್‌ನಿಂದ, ಅಂದರೆ ರೋಗದ ಗುರುತಿನಿಂದ, ಇದಕ್ಕಿಂತ ಹೆಚ್ಚಿನದನ್ನು ಆಗ ಯಾರೂ ಬೇಡುತ್ತಿರಲಿಲ್ಲ.

1990ರ ದಶಕದಲ್ಲಿ ಅದರ ಜೀನ್ ಓದಿದಾಗ ಚಿತ್ರ ಸ್ವಲ್ಪ ಬದಲಾಯಿತು. ಒಂದಲ್ಲ, ಎರಡು ಪ್ರೋಟೀನ್‌ಗಳಿದ್ದವು. 18ನೇ ಕ್ರೋಮೋಸೋಮಿನಲ್ಲಿ ಅಕ್ಕಪಕ್ಕ ಕೂತ ಎರಡು ಜೀನ್‌ಗಳು, ಈಗಿನ ಹೆಸರಿನಲ್ಲಿ ಸರ್ಪಿನ್‌ಬಿ3 ಮತ್ತು ಸರ್ಪಿನ್‌ಬಿ4. ಎರಡರ ಅಮೈನೊ ಆಮ್ಲಗಳ ಸರಣಿ 90%ಕ್ಕೂ ಹೆಚ್ಚು ಒಂದೇ, ಕೆಲಸ ಮಾತ್ರ ಬೇರೆ. ಎರಡೂ ಪ್ರೋಟೀನ್ ಕತ್ತರಿಸುವ ಕಿಣ್ವಗಳಿಗೆ ತಡೆ ಹಾಕುವ ಸರ್ಪಿನ್ ಕುಟುಂಬಕ್ಕೆ ಸೇರಿದವು. ಮೊದಲನೆಯದು ಕ್ಯಾಥೆಪ್ಸಿನ್ ಎಲ್, ಎಸ್, ಕೆ ಕಿಣ್ವಗಳನ್ನು ಹಿಡಿದರೆ ಎರಡನೆಯದು ಕ್ಯಾಥೆಪ್ಸಿನ್ ಜಿ ಮತ್ತು ಮಾಸ್ಟ್ ಕೋಶಗಳ ಕೈಮೇಸನ್ನು ಹಿಡಿಯುತ್ತದೆ.

ಇನ್ನೂ ಮುಖ್ಯವಾದ ಮಾತೆಂದರೆ, ಇವು ಕ್ಯಾನ್ಸರ್‌ನ ಸ್ವಂತ ಸೊತ್ತಲ್ಲ. ಚರ್ಮ, ಬಾಯಿ, ಅನ್ನನಾಳ, ಯೋನಿ, ಗರ್ಭಕಂಠ ಹೀಗೆ ಚಪ್ಪಟೆ ಕೋಶಗಳ ಹೊದಿಕೆ ಇರುವಲ್ಲೆಲ್ಲ ಆರೋಗ್ಯವಂತರಲ್ಲೂ ಇವು ಇರುತ್ತವೆ. ಸೋರಿಯಾಸಿಸ್, ಎಕ್ಸಿಮಾ ಇರುವವರ ರಕ್ತದಲ್ಲಿ ಎಸ್‌ಸಿಸಿ ಆಂಟಿಜೆನ್ ಏರುತ್ತದೆ. ಮೂತ್ರಪಿಂಡ ಸೋತವರಲ್ಲಿ ದೇಹದಿಂದ ಹೊರಹೋಗದೆ ಉಳಿದು ಏರುತ್ತದೆ. ಮಾದರಿಗೆ ಚರ್ಮದ ಹೊಟ್ಟೋ ಎಂಜಲಿನ ಹನಿಯೋ ತಗುಲಿದರೂ ಸಾಕು, ಯಂತ್ರ ದೊಡ್ಡ ಸಂಖ್ಯೆ ಬರೆದುಕೊಡುತ್ತದೆ. ಗರ್ಭಕಂಠದ ಗೆಡ್ಡೆಯಿಂದ ಶುರುವಾದ ಈ ಪ್ರೋಟೀನ್‌ನ ಒಂದು ರೂಪವನ್ನು ಜಪಾನಿನಲ್ಲಿ ಈಗ ಮಕ್ಕಳ ಅಟೋಪಿಕ್ ಚರ್ಮರೋಗದ ತೀವ್ರತೆ ಅಳೆಯಲು ಬಳಸುತ್ತಾರೆ.

ಎಲ್ಲಿ ಕುರುಡು, ಯಾಕೆ ಕುರುಡು

ಈಗಿನ ಬಹಳಷ್ಟು ಲ್ಯಾಬ್‌ಗಳು ಪ್ರತಿ ಮಿಲಿಲೀಟರ್‌ಗೆ 1.5 ನ್ಯಾನೊಗ್ರಾಂ ಅನ್ನು ಗೆರೆಯಾಗಿ ಇಟ್ಟುಕೊಂಡಿವೆ. ಚಪ್ಪಟೆ ಕೋಶದ ಗರ್ಭಕಂಠದ ಕ್ಯಾನ್ಸರ್ ಬಹಳ ಮುಂದುವರಿದಿದ್ದರೆ ಹತ್ತರಲ್ಲಿ ಎಂಟೊಂಬತ್ತು ಮಂದಿ ಈ ಗೆರೆ ದಾಟುತ್ತಾರೆ. ಕಾಯಿಲೆ ಇನ್ನೂ ಗರ್ಭಕಂಠದ ಆಸುಪಾಸಿನಲ್ಲೇ ಇರುವ ಮೊದಲ ಹಂತದಲ್ಲಿ ದಾಟುವವರು ಕಾಲು ಭಾಗದಿಂದ ಅರ್ಧದಷ್ಟು ಮಂದಿ. ಗ್ರಂಥಿ ಕೋಶಗಳಿಂದ ಹುಟ್ಟುವ ಅಡಿನೊಕಾರ್ಸಿನೋಮಾದಲ್ಲಿ ಇದರಿಂದ ಹೆಚ್ಚು ಉಪಯೋಗವಿಲ್ಲ, ಅಲ್ಲಿ ಸಿಎ-125, ಸಿಇಎ ಎಂಬ ಬೇರೆ ಮಾರ್ಕರ್‌ಗಳನ್ನು ನೋಡುತ್ತಾರೆ.

ಅಂದರೆ ವೈದ್ಯರ ಬರಿಗಣ್ಣಿಗೇ ಗೆಡ್ಡೆ ಕಾಣುವಾಗ ರಕ್ತವೂ ಹೇಳುತ್ತದೆ. ಕಣ್ಣಿಗೆ ಕಾಣದಿರುವಾಗ, ನಮಗೆ ಅತ್ಯಂತ ಅಗತ್ಯವಿರುವಾಗ, ಬಹುತೇಕ ಮೌನವಾಗಿರುತ್ತದೆ.

ಇದು ಈ ಒಂದು ಪ್ರೋಟೀನ್‌ನ ಕೊರತೆಯೇ? ಮೊದಮೊದಲು ಹಾಗೆಂದೇ ಅನ್ನಿಸುತ್ತಿತ್ತು, ಇನ್ನಷ್ಟು ಸೂಕ್ಷ್ಮವಾದ ಇನ್ನೊಂದು ಸಿಕ್ಕರೆ ಸಾಕು ಎಂಬ ವಾದ ಇಂದಿಗೂ ಕೇಳುತ್ತದೆ. ನನ್ನ ಅಭಿಪ್ರಾಯ ಬೇರೆ. ಕಾರಣ ಪ್ರೋಟೀನ್‌ನಲ್ಲಿಲ್ಲ, ಗರ್ಭಕಂಠದ ರಚನೆಯಲ್ಲಿದೆ.

ಈ ಕ್ಯಾನ್ಸರ್‌ಗೆ ಮೂಲ ಹ್ಯೂಮನ್ ಪ್ಯಾಪಿಲೋಮಾ ವೈರಸ್, ಎಚ್‌ಪಿವಿ. ಹರಾಲ್ಡ್ ಸೂರ್ ಹೌಸನ್ ಅವರ ತಂಡ 1983ರಲ್ಲಿ ಅದರ 16ನೇ ಬಗೆಯನ್ನು ಗರ್ಭಕಂಠದ ಗೆಡ್ಡೆಯಲ್ಲಿ ಗುರುತಿಸಿತು, ಆ ಕೆಲಸಕ್ಕೆ 2008ರಲ್ಲಿ ಅವರಿಗೆ ನೊಬೆಲ್ ಬಂತು. ಈ ವೈರಸ್ ರಕ್ತಕ್ಕೆ ಇಳಿದು ಊರೆಲ್ಲ ಸುತ್ತುವಂಥದ್ದಲ್ಲ. ಗರ್ಭಕಂಠದ ಹೊರಪದರದ ಕೋಶಗಳಲ್ಲೇ ಹುಟ್ಟಿ, ಅಲ್ಲೇ ಬೆಳೆದು, ಉದುರುವ ಕೋಶಗಳೊಂದಿಗೆ ಹೊರಬೀಳುತ್ತದೆ. ಆ ಹೊರಪದರದಲ್ಲಿ ರಕ್ತನಾಳಗಳೇ ಇಲ್ಲ. ಅದರ ಕೆಳಗೆ ತಳಪೊರೆ, ಅದರಾಚೆಗೆ ರಕ್ತನಾಳ, ದುಗ್ಧನಾಳ. ಸೋಂಕು ವರ್ಷಗಟ್ಟಲೆ ಉಳಿದು ಕೋಶಗಳು ಕೆಟ್ಟು, ನಾವು ಸಿಐಎನ್-3 ಎನ್ನುವ ಪೂರ್ವಕ್ಯಾನ್ಸರ್ ಹಂತ ತಲುಪಿದರೂ ಕೆಟ್ಟ ಕೋಶಗಳೆಲ್ಲ ಇನ್ನೂ ತಳಪೊರೆಯ ಮೇಲೆಯೇ ಇರುತ್ತವೆ. ಬದು ಒಡೆಯದ ಗದ್ದೆಯ ನೀರು ಕಾಲುವೆಗೆ ಸೇರುವುದಿಲ್ಲ. ತಳಪೊರೆ ಒಡೆದು ಕೋಶಗಳು ಒಳನುಗ್ಗಿದ ಮೇಲೆಯೇ ಅವುಗಳ ಪ್ರೋಟೀನ್ ರಕ್ತಕ್ಕೆ ಲೆಕ್ಕಕ್ಕೆ ಸಿಗುವಷ್ಟು ಇಳಿಯುವುದು. ಅಷ್ಟು ಹೊತ್ತಿಗೆ ಅದು ಪೂರ್ವಕ್ಯಾನ್ಸರ್ ಅಲ್ಲ, ಕ್ಯಾನ್ಸರ್.

ಗರ್ಭಕಂಠದ ತಪಾಸಣೆಯ ಹಿರಿಮೆ ಇರುವುದೇ ಆ ಒಡೆಯುವ ಮುನ್ನಿನ ಕಾಲದಲ್ಲಿ. ನ್ಯೂಜಿಲೆಂಡಿನ ಆಕ್ಲೆಂಡ್‌ನ ಒಂದು ಆಸ್ಪತ್ರೆಯಲ್ಲಿ ಹಿಂದೆ ಕೆಲವು ಹೆಂಗಸರಿಗೆ ಸಿಐಎನ್-3 ಇದ್ದೂ ಸರಿಯಾದ ಚಿಕಿತ್ಸೆ ಕೊಡದೆ ಸುಮ್ಮನೆ ನೋಡುತ್ತ ಕೂತ ಘೋರ ಪ್ರಸಂಗ ನಡೆದಿತ್ತು, 1987–88ರಲ್ಲಿ ಅದರ ಮೇಲೆ ನ್ಯಾಯಾಂಗ ವಿಚಾರಣೆಯೂ ಆಯಿತು. ಆ ದಾಖಲೆಗಳನ್ನು ಮುಂದೆ ಪರಿಶೀಲಿಸಿದಾಗ ಕಂಡದ್ದು: ಚಿಕಿತ್ಸೆ ಸಿಗದವರಲ್ಲಿ 30 ವರ್ಷಗಳ ಅವಧಿಯಲ್ಲಿ ಸುಮಾರು 31% ಮಂದಿಗೆ ಕ್ಯಾನ್ಸರ್ ಬಂತು. ಆ ಹೆಂಗಸರು ತೆತ್ತ ಬೆಲೆಯಿಂದ ನಮಗೆ ತಿಳಿದದ್ದು ಇಷ್ಟು: ಕಾಯಿಲೆ ನಿಧಾನ, ಹಿಡಿಯಲು ವರ್ಷಗಳ ಅವಕಾಶವಿದೆ, ಬಿಟ್ಟರೆ ಕೊಲ್ಲುತ್ತದೆ. ರಕ್ತದ ಪ್ರೋಟೀನ್ ಆ ಅವಕಾಶವೆಲ್ಲ ಕಳೆದ ಮೇಲೆ ಮಾತಾಡುತ್ತದೆ.

ಪ್ರತಿಕಾಯಗಳ ಕಥೆಯೂ ಇದನ್ನೇ ಹೇಳುತ್ತದೆ. ಅವೂ ರಕ್ತದ ಪ್ರೋಟೀನ್‌ಗಳೇ. ಎಚ್‌ಪಿವಿ-16ರ ಇ6 ಎಂಬ ಪ್ರೋಟೀನ್ ವಿರುದ್ಧದ ಪ್ರತಿಕಾಯಗಳನ್ನು ಯುರೋಪಿನ ಇಪಿಕ್ ಎಂಬ ದೊಡ್ಡ ಅಧ್ಯಯನದಲ್ಲಿ ಕೂಡಿಟ್ಟಿದ್ದ ಹಳೆಯ ರಕ್ತದಲ್ಲಿ ಹುಡುಕಿದರು. ಮುಂದೆ ಗಂಟಲಿನ ಕ್ಯಾನ್ಸರ್ ಬಂದವರಲ್ಲಿ ಸುಮಾರು 35% ಮಂದಿಯ ರಕ್ತದಲ್ಲಿ ಅವು ಮೊದಲೇ ಇದ್ದವು, ಕೆಲವರಲ್ಲಿ ರೋಗ ಪತ್ತೆಗೆ ಹತ್ತು ವರ್ಷಕ್ಕೂ ಮುಂಚೆ. ಕಾಯಿಲೆ ಇಲ್ಲದವರಲ್ಲಿ 1%ಕ್ಕಿಂತ ಕಡಿಮೆ. 2013ರಲ್ಲಿ ಇದು ಪ್ರಕಟವಾದಾಗ ಗರ್ಭಕಂಠದ ಮೇಲೂ ಹೊಸ ಆಸೆ ಚಿಗುರಿದ್ದು ಸಹಜ. ಅದೇ ವೈರಸ್, ಅದೇ ಪ್ರತಿಕಾಯ, ಆದರೆ ಗರ್ಭಕಂಠದಲ್ಲಿ ಕ್ಯಾನ್ಸರ್‌ಗೆ ಮುಂಚಿನ ರಕ್ತದಲ್ಲಿ ಅವು ತೀರ ವಿರಳ, ಕಾಣಿಸಿಕೊಳ್ಳುವುದು ಹೆಚ್ಚಾಗಿ ಕ್ಯಾನ್ಸರ್ ಒಳನುಗ್ಗಿದ ಮೇಲೆ. ಗಂಟಲಿನ ಆ ಕ್ಯಾನ್ಸರ್ ಹೆಚ್ಚಾಗಿ ಹುಟ್ಟುವ ಟಾನ್ಸಿಲ್‌ನ ಸಂದುಗಳ ಹೊದಿಕೆ ರೋಗನಿರೋಧಕ ಕೋಶಗಳ ನಡುವೆಯೇ, ತೂತುತೂತಾಗಿ ಇದೆ. ಗರ್ಭಕಂಠದ ಹೊದಿಕೆ ಹಾಗಿಲ್ಲ.

ಒಂದು ಲಕ್ಷ ಹೆಂಗಸರ ಲೆಕ್ಕ

ಒಂದು ಊಹೆಯ ಲೆಕ್ಕ ಮಾಡೋಣ. ಯಾವ ರೋಗಲಕ್ಷಣವೂ ಇಲ್ಲದ ಒಂದು ಲಕ್ಷ ಹೆಂಗಸರು. ಅವರಲ್ಲಿ 100 ಮಂದಿಗೆ ಪತ್ತೆಯಾಗದ ಕ್ಯಾನ್ಸರ್, 1,000 ಮಂದಿಗೆ ಪೂರ್ವಕ್ಯಾನ್ಸರ್ ಇದೆ ಎಂದಿಟ್ಟುಕೊಳ್ಳಿ. ರಕ್ತಪರೀಕ್ಷೆ ಕ್ಯಾನ್ಸರ್ ಇರುವ 100ರಲ್ಲಿ 60 ಮಂದಿಯನ್ನು ಹಿಡಿಯುತ್ತದೆ ಎಂದು ಉದಾರವಾಗಿಯೇ ಒಪ್ಪೋಣ. ಕ್ಯಾನ್ಸರ್ ಇಲ್ಲದ 100ರಲ್ಲಿ 95 ಮಂದಿಗೆ ಇಲ್ಲವೆಂದೇ ಹೇಳುತ್ತದೆ ಎಂದೂ ಒಪ್ಪೋಣ. ಉಳಿದ 99,900ರಲ್ಲಿ 5% ಅಂದರೆ 4,995 ಮಂದಿಗೆ ಸುಳ್ಳು ಭಯ. ಒಟ್ಟು 5,055 ಮಂದಿಯ ಕೈಗೆ ಕೆಟ್ಟ ರಿಪೋರ್ಟ್, ಅವರಲ್ಲಿ ನಿಜಕ್ಕೂ ಕ್ಯಾನ್ಸರ್ ಇರುವವರು 84ರಲ್ಲಿ ಒಬ್ಬರು. ಆ ಐದು ಸಾವಿರ ಜನವೂ ಕೊನೆಗೆ ಯಾವ ಒಳಪರೀಕ್ಷೆಗೆ ಅಂಜಿ ರಕ್ತ ಕೊಟ್ಟಿದ್ದರೋ ಅದಕ್ಕೇ ಬರಬೇಕು. ಪೂರ್ವಕ್ಯಾನ್ಸರ್ ಇರುವ 1,000 ಮಂದಿಯಲ್ಲಿ ಹೆಚ್ಚುಕಡಿಮೆ ಎಲ್ಲರೂ ನಾರ್ಮಲ್ ಎಂದು ಬರೆದ ಕಾಗದ ಹಿಡಿದು ಮನೆಗೆ ಹೋಗುತ್ತಾರೆ.

ನನ್ನನ್ನು ಹೆಚ್ಚು ಕಾಡುವುದು ಈ ಕೊನೆಯ ಗುಂಪು. ಸುಳ್ಳು ಭಯವನ್ನು ಇನ್ನೊಂದು ಪರೀಕ್ಷೆ ಕಳೆಯುತ್ತದೆ. ಸುಳ್ಳು ಧೈರ್ಯವನ್ನು ಕಳೆಯುವವರು ಯಾರು? ಹೋಲ್ ಬಾಡಿ ಚೆಕಪ್ ಹೆಸರಿನ ಪ್ಯಾಕೇಜ್‌ಗಳಲ್ಲಿ ಕ್ಯಾನ್ಸರ್ ಮಾರ್ಕರ್‌ಗಳ ಸಾಲೊಂದು ಸೇರಿರುವುದು ಈಗ ಮಾಮೂಲು. ಅದನ್ನು ಮಾಡಿಸಿ, ಸಾಲಿನಲ್ಲಿ ಎಲ್ಲವೂ ಗೆರೆಯೊಳಗಿದೆ ಎಂದು ನೋಡಿ, ಗರ್ಭಕಂಠದ ತಪಾಸಣೆ ಇನ್ನು ಬೇಡ ಎಂದುಕೊಂಡರೆ ಆ ದುಡ್ಡು ಹಾನಿಗೇ ಖರ್ಚಾದಂತೆ. ಎಸ್‌ಸಿಸಿ ಆಂಟಿಜೆನ್ ಅನ್ನು ಆರೋಗ್ಯವಂತರ ತಪಾಸಣೆಗೆ ಬಳಸಿ ಎಂದು ಪ್ರಮುಖ ವೈದ್ಯಕೀಯ ಮಾರ್ಗಸೂಚಿಗಳು ಹೇಳುವುದಿಲ್ಲ.

ಹಾಗಾದರೆ ಇನ್ನಷ್ಟು ಸೂಕ್ಷ್ಮ ಯಂತ್ರಗಳಿಂದ ಹೊಸ ಪ್ರೋಟೀನ್ ಹುಡುಕಬಾರದೇ? ಹುಡುಕುತ್ತಲೇ ಇದ್ದಾರೆ. 1975ರಲ್ಲಿ ಬಂದ ದ್ವಿಆಯಾಮ ಜೆಲ್ ವಿಧಾನದಿಂದ ಇಂದಿನ ಮಾಸ್ ಸ್ಪೆಕ್ಟ್ರೋಮೆಟ್ರಿವರೆಗೆ, ರೋಗಿಗಳ ರಕ್ತವನ್ನೂ ಆರೋಗ್ಯವಂತರ ರಕ್ತವನ್ನೂ ಅಕ್ಕಪಕ್ಕ ಇಟ್ಟು ವ್ಯತ್ಯಾಸ ನೋಡುವ ಕೆಲಸ ನಡೆದೇ ಇದೆ. ಇಲ್ಲಿ ಮೊದಲ ಅಡ್ಡಿ ರಕ್ತವೇ. ಪ್ಲಾಸ್ಮಾದ ಪ್ರೋಟೀನ್ ತೂಕದಲ್ಲಿ ಸುಮಾರು 99% ಬರೀ 22 ಪ್ರೋಟೀನ್‌ಗಳದ್ದು. ಒಂದು ಮಿಲಿಲೀಟರ್‌ನಲ್ಲಿ ಅವುಗಳಲ್ಲೊಂದಾದ ಅಲ್ಬುಮಿನ್ ಸುಮಾರು 40 ಮಿಲಿಗ್ರಾಂ, ನಾವು ಹುಡುಕುವ ಎಸ್‌ಸಿಸಿ ಆಂಟಿಜೆನ್ 1.5 ನ್ಯಾನೊಗ್ರಾಂ. ಅದರ ಒಂದು ಭಾಗಕ್ಕೆ ಎರಡೂವರೆ ಕೋಟಿಗೂ ಮಿಕ್ಕಿ ಅಲ್ಬುಮಿನ್. ಹಾಗಾಗಿ ಇಂಥ ಹುಡುಕಾಟದಲ್ಲಿ ಮತ್ತೆಮತ್ತೆ ಮೇಲೆ ತೇಲುವುದು ಹ್ಯಾಪ್ಟೋಗ್ಲೋಬಿನ್, ಅಪೊಲಿಪೊಪ್ರೋಟೀನ್, ಸೀರಂ ಅಮೈಲಾಯ್ಡ್ ಎ, ಕಾಂಪ್ಲಿಮೆಂಟ್ ಇತ್ಯಾದಿ ಹೇರಳ ಪ್ರೋಟೀನ್‌ಗಳು. ಉರಿಯೂತ ಎಲ್ಲೇ ಇರಲಿ, ಹಲ್ಲಿನ ಬೇರಿನಲ್ಲಿರಲಿ ಕೀಲಿನಲ್ಲಿರಲಿ, ಯಕೃತ್ತು ಇವುಗಳನ್ನು ಏರಿಳಿಸುತ್ತದೆ. ಮುಂದುವರಿದ ಕ್ಯಾನ್ಸರ್ ಇರುವವರ ರಕ್ತವನ್ನು ಗಟ್ಟಿಮುಟ್ಟಾದ ಸ್ವಯಂಸೇವಕರ ರಕ್ತಕ್ಕೆ ಹೋಲಿಸಿದರೆ ಇವು ಬೇರೆಯಾಗಿ ಕಂಡೇ ಕಾಣುತ್ತವೆ. ಅದರಿಂದ ಗರ್ಭಕಂಠದ ಬಗ್ಗೆ ತಿಳಿಯುವುದು ಕಡಿಮೆ.

2002ರ ಒಂದು ಘಟನೆ ಈ ಕ್ಷೇತ್ರದವರೆಲ್ಲ ನೆನಪಿಡುವಂಥದ್ದು. ಅಂಡಾಶಯದ ಕ್ಯಾನ್ಸರನ್ನು ರಕ್ತದ ಪ್ರೋಟೀನ್ ವಿನ್ಯಾಸದಿಂದ 100% ಹಿಡಿಯಬಹುದೆಂದು ಅಮೆರಿಕದ ಪೆಟ್ರಿಕೊಯಿನ್ ಮತ್ತು ಲಿಯೊಟ್ಟಾ ತಂಡ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದಾಗ ಜಗತ್ತೇ ತಿರುಗಿ ನೋಡಿತು. ಅವರ ದತ್ತಾಂಶವನ್ನು ಕೀತ್ ಬ್ಯಾಗರ್ಲಿ ಮತ್ತು ಸಂಗಡಿಗರು ಮರುವಿಶ್ಲೇಷಿಸಿದಾಗ, ಕಂಡ ವ್ಯತ್ಯಾಸಗಳಲ್ಲಿ ಮಾದರಿಗಳನ್ನು ಸಂಸ್ಕರಿಸಿದ ರೀತಿಯ ನೆರಳು ಇರುವುದು ಹೊರಬಿತ್ತು. ರಕ್ತ ತೆಗೆದು ಎಷ್ಟು ಹೊತ್ತಿಗೆ ಸೀರಂ ಬೇರ್ಪಡಿಸಿದರು, ಎಷ್ಟು ಸಲ ಹೆಪ್ಪುಗಟ್ಟಿಸಿ ಕರಗಿಸಿದರು, ಯಾವ ಗುಂಪಿನ ಮಾದರಿಯನ್ನು ಯಾವ ದಿನ ಓಡಿಸಿದರು ಎಂಬ ಸಣ್ಣ ಸಂಗತಿಗಳೇ ಕ್ಯಾನ್ಸರ್‌ನ ವೇಷ ಹಾಕಬಲ್ಲವು.

ಅದಕ್ಕಾಗಿ ಹೊಸ ಪ್ರೋಟೀನ್ ಸಿಕ್ಕಿತೆಂಬ ಸುದ್ದಿ ಓದಿದಾಗ ನಾನು ಮೊದಲು ಹುಡುಕುವುದು ಹೋಲಿಕೆಗೆ ಯಾರ ರಕ್ತ ತೆಗೆದುಕೊಂಡರು ಎಂಬುದನ್ನು. ಬರೀ ಬಿಳಿಮುಟ್ಟು, ಸೋಂಕಿನ ಉರಿಯೂತ ಇರುವ, ಕ್ಯಾನ್ಸರ್ ಇಲ್ಲದ ಹೆಂಗಸರು ಆ ಗುಂಪಿನಲ್ಲಿದ್ದಾರೆಯೇ? ಸಿಐಎನ್-3 ಇರುವವರು ಇದ್ದಾರೆಯೇ? ಕಾಯಿಲೆ ಪತ್ತೆಯಾಗುವ ವರ್ಷಗಳ ಮೊದಲೇ ಕೂಡಿಟ್ಟ ರಕ್ತದಲ್ಲಿ ಪರೀಕ್ಷೆ ಗೆದ್ದಿದೆಯೇ? ಮಾರ್ಕರ್‌ಗಳಿಗೆ ಐದು ಹಂತದ ದಾರಿಯನ್ನು ಮಾರ್ಗರೆಟ್ ಪೆಪೆ ಮತ್ತು ಸಂಗಡಿಗರು 2001ರಲ್ಲೇ ಗುರುತಿಸಿಕೊಟ್ಟರು. ಮೊದಲ ಎರಡು ಹಂತ ದಾಟಿದವು ಹಲವು. ಮೂರನೆಯದು, ಈ ಹಳೆಯ ರಕ್ತದ ಹಂತ, ದಾಟಿದವು ಬೆರಳೆಣಿಕೆಯಷ್ಟು.

ಪ್ರೋಟೀನ್‌ಗಳು ಗರ್ಭಕಂಠದಲ್ಲಿ ಸೋತವೆಂದು ಮಾತ್ರ ಇದರ ಅರ್ಥವಲ್ಲ. ವೈರಸ್‌ನ ಇ7 ಪ್ರೋಟೀನ್ ಕೋಶದ ಒಂದು ಮುಖ್ಯ ನಿಯಂತ್ರಣವನ್ನು ಕೆಡಿಸಿದಾಗ ಪಿ16 ಎಂಬ ಪ್ರೋಟೀನ್ ಆ ಕೋಶದಲ್ಲಿ ತುಂಬಿಕೊಳ್ಳುತ್ತದೆ. ಗರ್ಭಕಂಠದಿಂದಲೇ ತೆಗೆದ ಕೋಶಗಳಲ್ಲಿ ಪಿ16 ಮತ್ತು ಕೋಶ ವಿಭಜನೆಯನ್ನು ತೋರಿಸುವ ಕೆಐ-67 ಪ್ರೋಟೀನ್ ಎರಡಕ್ಕೂ ಬಣ್ಣ ಹಾಕಿ ನೋಡುವ ಪರೀಕ್ಷೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಒಪ್ಪಿಗೆ ಕೊಟ್ಟಿದೆ. ಕಾಯಿಲೆ ಇರುವ ಜಾಗದಲ್ಲೇ ಹುಡುಕಿದಾಗ ಪ್ರೋಟೀನ್ ಗೆದ್ದಿತು.

ಗಡಿಯಾಚೆಯ 52 ಹಳ್ಳಿಗುಂಪುಗಳು

ಜಾಗದಲ್ಲೇ ಹುಡುಕಿದರೆ ಏನಾಗುತ್ತದೆ ಎಂಬುದಕ್ಕೆ ದೂರದ ದೇಶದ ಉದಾಹರಣೆ ಬೇಡ. ಬೀದರ್, ಕಲಬುರಗಿಗಳ ಗಡಿಗೆ ಹೊಂದಿಕೊಂಡಿರುವ ಮಹಾರಾಷ್ಟ್ರದ ಉಸ್ಮಾನಾಬಾದ್ ಜಿಲ್ಲೆಯಲ್ಲಿ, ಈಗಿನ ಧಾರಾಶಿವದಲ್ಲಿ, 30ರಿಂದ 59 ವಯಸ್ಸಿನ 1,31,746 ಹೆಂಗಸರ ಅಧ್ಯಯನ ನಡೆಯಿತು. ಹಳ್ಳಿಗಳನ್ನು 52 ಗುಂಪು ಮಾಡಿ, ಕೆಲವಕ್ಕೆ ಎಚ್‌ಪಿವಿ ಪರೀಕ್ಷೆ, ಕೆಲವಕ್ಕೆ ಗರ್ಭಕಂಠದ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಪ್ಯಾಪ್, ಕೆಲವಕ್ಕೆ ಅಸಿಟಿಕ್ ಆಮ್ಲ ಹಚ್ಚಿ ನೋಡುವ ವಿಐಎ, ಉಳಿದವಕ್ಕೆ ಮಾಮೂಲಿ ಆರೈಕೆ. ಬಾರ್ಶಿಯ ಆಸ್ಪತ್ರೆ, ಮುಂಬೈಯ ಟಾಟಾ ಸ್ಮಾರಕ, ಲಿಯೋನ್‌ನ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಸೇರಿ ಮಾಡಿದ ಕೆಲಸ, ಆರ್. ಶಂಕರನಾರಾಯಣನ್ ಅದರ ಮುಂದಾಳು. ಫಲಿತಾಂಶ ಬಂದದ್ದು 2009ರಲ್ಲಿ. ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ನೀಡಿದ 34,126 ಮಂದಿಯ ಗುಂಪಿನಲ್ಲಿ ಎಂಟು ವರ್ಷದಲ್ಲಿ ಈ ಕ್ಯಾನ್ಸರ್‌ನಿಂದ ಸತ್ತವರು 34, ಮಾಮೂಲಿ ಆರೈಕೆಯ 31,488 ಮಂದಿಯಲ್ಲಿ 64. ಸಾವು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಪರೀಕ್ಷೆಯಲ್ಲಿ ವೈರಸ್ ಇಲ್ಲವೆಂದು ಬಂದವರಲ್ಲಿ ಆ ಅವಧಿಯಲ್ಲಿ ಒಬ್ಬರೂ ಇದರಿಂದ ಸಾಯಲಿಲ್ಲ.

ರಕ್ತಪರೀಕ್ಷೆಯಿಂದ ನಾವು ಬಯಸುವ ನೆಮ್ಮದಿ ಇದೇ ಅಲ್ಲವೇ? ಒಳಪರೀಕ್ಷೆಯ ಸಂಕೋಚಕ್ಕೂ ಈಗ ದಾರಿಯಿದೆ. ಎಚ್‌ಪಿವಿ ಪರೀಕ್ಷೆಗೆ ಹೆಂಗಸು ತಾನೇ ಮರೆಯಲ್ಲಿ ನಿಂತು ಸಣ್ಣ ಬ್ರಷ್‌ನಿಂದ ಯೋನಿಯ ಮಾದರಿ ತೆಗೆದುಕೊಡಬಹುದು, ವಿಶ್ವ ಆರೋಗ್ಯ ಸಂಸ್ಥೆಯ 2021ರ ಮಾರ್ಗಸೂಚಿ ಅದನ್ನು ಒಪ್ಪುತ್ತದೆ. ವೈರಸ್ ಇದೆಯೆಂದು ಬಂದವರಿಗೆ ಮಾತ್ರ ಮುಂದಿನ ಒಳಪರೀಕ್ಷೆ. ರಕ್ತದ ಹೊಸ ಪ್ರೋಟೀನ್‌ಗಾಗಿ ಕಾಯುತ್ತ ಕೂರುವ ಬದಲು ಈ ಬ್ರಷ್ ನಮ್ಮ ಉಪಕೇಂದ್ರಗಳ, ಆಶಾ ಕಾರ್ಯಕರ್ತೆಯರ ಕೈಗೆ ಬರಬೇಕು. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಚಿಕಿತ್ಸೆಯ ನಂತರದ ಕೆಲಸ

ಎಸ್‌ಸಿಸಿ ಆಂಟಿಜೆನ್ ಇದರಿಂದ ನಿಷ್ಪ್ರಯೋಜಕವಾಗಲಿಲ್ಲ. ಬಯಾಪ್ಸಿಯಲ್ಲಿ ಚಪ್ಪಟೆ ಕೋಶದ ಕ್ಯಾನ್ಸರ್ ಖಚಿತವಾದ ಮೇಲೆ, ಚಿಕಿತ್ಸೆಗೆ ಮೊದಲು ಒಮ್ಮೆ ಅಳೆದಿಟ್ಟುಕೊಳ್ಳುವುದು ಒಳ್ಳೆಯದು. ಆಗ ಹೆಚ್ಚಿದ್ದರೆ ಗೆಡ್ಡೆ ದೊಡ್ಡದಿರುವ, ದುಗ್ಧಗ್ರಂಥಿಗೆ ಹರಡಿರುವ ಸಂಭವ ಹೆಚ್ಚು. ವಿಕಿರಣ ಮತ್ತು ಸಿಸ್‌ಪ್ಲಾಟಿನ್ ಔಷಧದ ಚಿಕಿತ್ಸೆ ಮುಗಿದ ಮೇಲೆ ಅದು ಇಳಿದು ಗೆರೆಯೊಳಗೆ ನಿಂತರೆ ಒಳ್ಳೆಯ ಸೂಚನೆ, ಇಳಿಯದೆ ಉಳಿದರೆ ಕಾಯಿಲೆ ಉಳಿದಿರುವ ಅನುಮಾನ. ಮುಂದಿನ ಭೇಟಿಗಳಲ್ಲಿ ಮತ್ತೆ ಏರತೊಡಗಿದರೆ, ಎಷ್ಟೋ ಸಲ ನೋವೋ ರಕ್ತಸ್ರಾವವೋ ಕಾಣಿಸುವ ಕೆಲವು ತಿಂಗಳು ಮೊದಲೇ ಮರುಕಳಿಕೆಯ ಸುಳಿವು ಸಿಗುತ್ತದೆ. ಹೀಗೆ ಮೊದಲೇ ತಿಳಿದದ್ದರಿಂದ ಎಲ್ಲರ ಆಯುಷ್ಯ ಹೆಚ್ಚುತ್ತದೆಂದು ಸಾಬೀತಾಗಿಲ್ಲ. ಆದರೆ ಮರುಕಳಿಕೆ ಕಿಬ್ಬೊಟ್ಟೆಯ ನಡುಭಾಗದಲ್ಲೇ ಚಿಕ್ಕದಾಗಿದ್ದರೆ ಶಸ್ತ್ರಚಿಕಿತ್ಸೆಗೆ ಅವಕಾಶ ಉಳಿದಿರುತ್ತದೆ, ಆ ಕೆಲವರಿಗೆ ಈ ತಿಂಗಳುಗಳು ಬೆಲೆಯುಳ್ಳವು.

ಚಿಕಿತ್ಸೆಗೆ ಮೊದಲೇ ಈ ಪ್ರೋಟೀನ್ ಏರದಿದ್ದವರಲ್ಲಿ ಮುಂದೆ ಪದೇಪದೇ ಅಳೆದು ಹೆಚ್ಚು ಪ್ರಯೋಜನವಿಲ್ಲ. ಏರಿದ್ದವರು ಪ್ರತಿ ಸಲ ಒಂದೇ ಲ್ಯಾಬಿನಲ್ಲಿ, ಒಂದೇ ವಿಧಾನದಲ್ಲಿ ಮಾಡಿಸಬೇಕು, ಯಂತ್ರ ಬದಲಾದರೆ ಸಂಖ್ಯೆಯೂ ಬದಲಾಗುತ್ತದೆ. ಒಂದು ಸಲ ಸ್ವಲ್ಪ ಏರಿದ ಮಾತ್ರಕ್ಕೆ ಕಂಗಾಲಾಗಬೇಕಿಲ್ಲ. ಚರ್ಮದಲ್ಲಿ ತುರಿಕೆ, ಎಕ್ಸಿಮಾ ಇದೆಯೇ ಎಂದು ಕೇಳಬೇಕು, ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ನೋಡಬೇಕು, ವಿಕಿರಣದ ನಂತರ ಮೂತ್ರನಾಳ ಕಟ್ಟಿಕೊಂಡು ಮೂತ್ರಪಿಂಡ ಸೊರಗಿದ್ದರೆ ಅದೂ ತಿಳಿಯುತ್ತದೆ. ಕೆಲವು ವಾರ ಬಿಟ್ಟು ಮತ್ತೆ ರಕ್ತ ತೆಗೆದಾಗಲೂ ಏರುತ್ತಲೇ ಇದ್ದರೆ, ಆಗ ಸ್ಕ್ಯಾನ್‌ಗೆ ಕಳಿಸಬೇಕು.